ಹಿಂದೆ ಹಾಡುವವರು

ಮಠಕ್ಕೆ ಹೊಸದಾಗಿ ಬಂದವರು ಮಠದ ಸ್ವಾಮಿಗಳಾದ ಪೂಜ್ಯ ಅಡವಯ್ಯಜ್ಜನವರನ್ನು ತಟ್ಟನೆ ಗುರುತಿಸುತ್ತಿರಲಿಲ್ಲ. ಅಂದು ಮುಂಜಾನೆಯೂ ಪೂಜ್ಯರು ಅಡಿಗೆಮನೆಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳ ನಡುವೆ ಕುಳಿತು ಮೆಂತ್ಯೆ ಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಮಠದ ಭಜನಾ ಮೇಳದ ಮುಖ್ಯಸ್ಥ ನಿಂಗಬಸಪ್ಪ ಬಂದು ಪಾದಕ್ಕೆರಗಿದವನು ಮೇಲೇಳಲೇ ಇಲ್ಲ.

"ಅಜ್ಜಾರ, ಮ್ಯಾಳ ಮುರದು ಬಿತ್ರಿ. ಮೊದಲ ಮೌಲಾಸಾಬ ಬಿಟ್ಟ, ಆಮ್ಯಾಲೆ ಒಬ್ಬೊಬ್ಬರ ಎಲ್ಲಾರೂ ಬಿಟ್ರು. ನೀವೊಂದು ಮಾತ ಹೇಳ್ರಿ, ನಿಮ್ಮ ಮಾತ ಯಾರೂ ಮೀರೂದಿಲ್ಲ."

ಇಪ್ಪತ್ತೆರಡು ವರ್ಷ ಏಕತಾರಿ ಹಿಡಿದು ಮುಂದೆ ಕುಳಿತವನು ಅವನೇ. ಯಾವ ಪದ ಹಾಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಅವನದೇ ಕಾರುಬಾರು. ಅವನು ಹಾಡಿದ ಸೊಲ್ಲನ್ನು ತಿರುಗಿ ಹಾಡುವುದಷ್ಟೇ ಉಳಿದವರ ಪಾಲು. ಈಗ ಮನೆಯಲ್ಲಿ ಒಬ್ಬನೇ ಕುಳಿತು ಒಂದು ಸೊಲ್ಲು ಹಾಡುತ್ತಾನೆ, ರೂಢಿಯಂತೆ ಹಿಂದಿನವರಿಗಾಗಿ ತಡೆಯುತ್ತಾನೆ. ಯಾರೂ ಎತ್ತಿಕೊಳ್ಳುವುದಿಲ್ಲ. ಮೌಲಾಸಾಬನ ದನಿಗಾಗಿ ಜೀವ ಹಂಬಲಿಸುತ್ತದೆ, ಆದರೆ ಹೋಗಿ ಕರೆಯಲು ಬಿಗುಮಾನ ಬಿಡದು.

ಅಜ್ಜನವರು ಕೇಳಿದರು: "ಮೌಲಾಸಾಬಗ ಯಾವ ಪದ ಭಾಳ ಸೇರತೈತೋ ತಮ್ಮಾ?"

ನಿಂಗಬಸಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಯುಗಾದಿ ಅಮಾವಾಸ್ಯೆಯ ಭಜನೆಯಲ್ಲಿ, "ಇವತ್ತೊಂದು ಪದ ನಾ ಎತ್ತಲೇನೋ?" ಎಂದು ಮೌಲಾಸಾಬ ಕೇಳಿದ್ದ. "ನೀ ತಾಳ ನೋಡಕೋ" ಎಂದು ತಾನು ಎಲ್ಲರೆದುರು ನಕ್ಕಿದ್ದು ಈಗ ನೆನಪಾಯಿತು.

"ನಿನ್ನ ಹಿಂದ ಹಾಡಾಕ ಬೇಕಾದ್ರ ನಾನ ಬರ್ತೀನಿ. ನೀ ಯಾರ ಹಿಂದ ಹಾಡ್ತಿ?" ಇಷ್ಟು ಅಪ್ಪಣೆ ಕೊಡಿಸಿ ಪೂಜ್ಯರು ಮತ್ತೆ ಪಲ್ಯಕ್ಕೆ ಕೈಹಾಕಿದರು.

ನಿಂಗಬಸಪ್ಪ ಮನೆಗೆ ಹೋಗದೆ ನೆಟ್ಟಗೆ ಮೌಲಾಸಾಬನಲ್ಲಿಗೆ ನಡೆದ. ಮೌಲಾಸಾಬ ತನ್ನ ಅಂಗಳದಲ್ಲಿ ಗಾದಿಗೆ ಅರಳೆ ತುಂಬುತ್ತಿದ್ದ. ಗೆಳೆಯನನ್ನು ಕಂಡರೂ ತಲೆ ಎತ್ತಲಿಲ್ಲ.

"ಒಂದು ಪದ ಎತ್ತೋ ಮೌಲಾ. ನಾ ಹಿಂದ ಹಾಡ್ತೀನಿ."

ಮೌಲಾಸಾಬ ಇನ್ನೊಂದು ಹಿಡಿ ಅರಳೆ ತುಂಬಿದ. ಆಮೇಲೆ ಅರಳೆಯಲ್ಲಿ ಕೈಯಿಟ್ಟಂತೆಯೇ ಮೆಲ್ಲಗೆ ಹಾಡತೊಡಗಿದ. ನಿಂಗಬಸಪ್ಪ ಆ ಪದವನ್ನು ಒಮ್ಮೆಯೂ ಕೇಳಿರಲಿಲ್ಲ. ಹಿಂದೆ ಹಾಡಲು ಹೋಗಿ ತಡವರಿಸಿದ. ತಡವರಿಸಿದಲ್ಲೆಲ್ಲ ಮೌಲಾಸಾಬ ನಿಂತು ಸೊಲ್ಲು ಹೇಳಿಕೊಟ್ಟ. ಮೂರನೆಯ ನುಡಿಗೆ ಬರುವಷ್ಟರಲ್ಲಿ ನಿಂಗಬಸಪ್ಪನಿಗೆ ಅಳುವೇ ಬಂದುಬಿಟ್ಟಿತು.

"ಇಷ್ಟ ವರ್ಷ ಈ ಪದ ಎಲ್ಲಿಟ್ಟಿದ್ಯೋ?"

"ನಿನ್ನ ಬೆನ್ನ ಹಿಂದನ ಇತ್ತಲ್ಲೋ."

ಮುಂದಿನ ಅಮಾವಾಸ್ಯೆಗೆ ಮೇಳದವರೆಲ್ಲ ಕೂಡಿದರು. ಏಕತಾರಿ ಅಂದು ಮೌಲಾಸಾಬನ ಕೈಯಲ್ಲಿತ್ತು, ಅಲ್ಲಿಂದ ಮುಂದೆ ಒಬ್ಬರಾದ ಮೇಲೊಬ್ಬರ ಕೈಗೆ ಹೋಯಿತು. ನಿಂಗಬಸಪ್ಪ ತಾಳ ಹಿಡಿದು ಹಿಂದಿನ ಸಾಲಿಗೆ ಬಂದಾಗ, ಅಲ್ಲಿ ಮೊದಲೇ ಕುಳಿತಿದ್ದ ಅಜ್ಜನವರು ತುಸು ಸರಿದು ಅವನಿಗೆ ಜಾಗ ಕೊಟ್ಟರು.