ತಾವರೆ ಕೊಯ್ಯುವವನ ಕೂಗು

“ಗುರುಗಳೇ, ಒಂದು ಮಾತಿಗೆ ಎರಡು ಮನೆ ಇರಬಹುದೇ?” ಎಂದು ಮರುಳಯ್ಯ ಕೇಳಿದ.

ಅವನು ಗುರುಗಳ ಅಪ್ಪಣೆಯಂತೆ ನಿಘಂಟೊಂದನ್ನು ಬರೆಯುತ್ತಿದ್ದ. ಒಂದೇ ಅರ್ಥದ ಮಾತುಗಳನ್ನು ಒಂದೊಂದು ಓಲೆಯಲ್ಲಿ ಕೂಡಿಸುವುದು ಅವನ ಕೆಲಸ. ಆ ದಿನದ ಓಲೆಯಲ್ಲಿ ಸಿಲುಕು, ತೊಡರು, ಸೆರೆಯಾಗು, ಬಲೆಗೆ ಬೀಳು ಎಂಬ ಮಾತುಗಳಿದ್ದವು.

“ಇವೆಲ್ಲ ಒಂದೇ ಸಾಲಿನಲ್ಲಿ ಸುಮ್ಮನೆ ಕುಳಿತವು. ಸಿಕ್ಕು ಎಂಬ ಮಾತು ಮಾತ್ರ ಕೂರುತ್ತಿಲ್ಲ. ‘ಸಿಕ್ಕಿದೆ’ ಎಂದು ಒಬ್ಬ ಹೇಳಿದರೆ, ಬಯಸಿದ್ದು ದೊರಕಿದೆ ಎಂದೂ ಆಗುತ್ತದೆ, ನಾನು ಸಿಲುಕಿದೆನು ಎಂದೂ ಆಗುತ್ತದೆ. ಹಿಗ್ಗಿಗೂ ಅಳಲಿಗೂ ಒಂದೇ ಮಾತಾದರೆ, ಕೇಳುವವರು ಯಾವುದೆಂದು ತಿಳಿಯಬೇಕು?”

ಗುರುಗಳು ಓಲೆಯನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ತಾವರೆ ಕೊಯ್ಯುವವನಿದ್ದ. ಕೆರೆಯೇ ಅವನ ಹೊಲ. ಒಣಗಿದ ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತೇಲುತ್ತ ಹೋಗಿ ಹೂ ಕೊಯ್ದು ತರುತ್ತಿದ್ದ. ಅವನ ಹೆಂಡತಿ ದಡದಲ್ಲಿ ಕುಳಿತು ಹೂಗಳನ್ನು ಎಲೆಯಲ್ಲಿ ಸುತ್ತುತ್ತಿದ್ದಳು. ಈಜು ಬಲ್ಲವಳಾದರೂ ಅವಳು ನೀರಿಗಿಳಿಯುತ್ತಿರಲಿಲ್ಲ. ಅವಳ ಅಣ್ಣ ಅದೇ ಕೆರೆಯ ನಡುವೆ ತಾವರೆಯ ದಂಟುಗಳಿಗೆ ಕಾಲು ಸಿಲುಕಿ ಸತ್ತಿದ್ದ. ಅಂದು ದಡದಲ್ಲಿದ್ದವಳು ಅವಳೊಬ್ಬಳೇ. ಅಣ್ಣ ಕೈಯೆತ್ತಿದ್ದನ್ನು ಕಂಡು, ಆಟಕ್ಕೆ ಎತ್ತಿದ್ದಾನೆಂದು ತಿಳಿದು, ತಾನೂ ಕೈಯೆತ್ತಿ ನಕ್ಕಿದ್ದಳು.

ಒಂದು ಮಧ್ಯಾಹ್ನ ಗಂಡನು ದಡದ ನೆರಳಿನಲ್ಲಿ ನಿದ್ದೆಹೋದ. ಕನಸಿನಲ್ಲಿ ಒಂದು ತಾವರೆ ಕಂಡ. ಅದು ಬಿಳಿಯದಲ್ಲ, ಕೆಂಪಲ್ಲ. ನೋಡಿದಷ್ಟೂ ಅದರ ಬಣ್ಣ ಒಳಗೊಳಗೆ ಸರಿಯುತ್ತಿತ್ತು. ಎದ್ದು ಹೆಂಡತಿಗೆ ಹೇಳಿದ.

“ಕನಸಿನ ಹೂವನ್ನು ಕನಸಿನಲ್ಲೇ ಕೊಯ್ದುಕೊಳ್ಳಿ. ನಡುಗೆರೆಗೆ ಮಾತ್ರ ಹೋಗಬೇಡಿ,” ಎಂದಳು ಅವಳು.

ಅವನು ಆಗಲಿ ಎಂದ. ಆದರೆ ಅಂದಿನಿಂದ ಅವನಿಗೆ ಕೊಯ್ದ ಹೂ ಹೂವೆನಿಸಲಿಲ್ಲ.

ಒಂದು ಬೆಳಗ್ಗೆ ಕೆರೆಯ ಮೇಲೆ ಮಂಜು ಕವಿದಿತ್ತು. ನೀರು ಎಲ್ಲಿ ಮುಗಿಯಿತು, ಬಾನು ಎಲ್ಲಿ ಮೊದಲಾಯಿತು ಎಂದು ತಿಳಿಯುವಂತಿರಲಿಲ್ಲ. ಕೊಯ್ಯುತ್ತ ಕೊಯ್ಯುತ್ತ ಅವನು ನಡುಗೆರೆಗೆ ಬಂದಿದ್ದ. ಮಂಜಿನೊಳಗೆ ಆ ಹೂ ಅರಳಿ ನಿಂತಿತ್ತು. ದಟ್ಟವಾದ ಎಲೆಗಳ ನಡುವೆ ನುಸುಳಲು ಬುರುಡೆಗಳು ಅಡ್ಡ ಬಂದವು. ಅವನು ಅವನ್ನು ಬಿಚ್ಚಿಬಿಟ್ಟ. ಕೈ ಚಾಚಿ ಹೂವನ್ನು ಕಿತ್ತುಕೊಂಡ.

ಆಗ ಅವನ ಮೈ ಹಗುರಾಯಿತು. ನೀರು ಬೆಚ್ಚಗಿತ್ತು. ಕಾಲಿಗೆ ಏನೋ ಮೆತ್ತಗೆ ಒರಗಿತು. ಒಂದು ಸುತ್ತು ಸುತ್ತಿತು, ಇನ್ನೊಂದು ಸುತ್ತು ಸುತ್ತಿತು. ಅದು ಹಿತವಾಗಿಯೇ ಇತ್ತು. ತೇಲುತ್ತಿದ್ದೇನೆ ಎಂದುಕೊಂಡು ಅವನು ಮೆಲ್ಲಮೆಲ್ಲಗೆ ಇಳಿಯುತ್ತಿದ್ದ. ಹಿಗ್ಗು ತಡೆಯಲಾರದೆ ದಡದ ಕಡೆಗೆ ಕೂಗಿದ.

“ಸಿಕ್ಕಿದೆ!”

ಹೆಂಡತಿಗೆ ಮಂಜಿನಲ್ಲಿ ಗಂಡ ಕಾಣಲಿಲ್ಲ, ಕೂಗು ಕೇಳಿಸಿತು. ಮಡಿಲಲ್ಲಿದ್ದ ಹೂಗಳು ಕೆಳಗೆ ಬಿದ್ದವು. ದಡದಲ್ಲಿದ್ದ ಬೇರೆ ಬುರುಡೆಗಳನ್ನು ತೋಳಿಗೆ ಸಿಕ್ಕಿಸಿಕೊಂಡಳು, ಕುಡುಗೋಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು, ನೀರಿಗಿಳಿದಳು. ಅಣ್ಣ ಸತ್ತ ಮೇಲೆ ಆ ನೀರು ಅವಳ ಮೈಗೆ ತಾಗಿದ್ದು ಅದೇ ಮೊದಲು. ಕೂಗು ಬಂದ ಕಡೆಗೆ ಈಜಿದಳು.

ಅವಳನ್ನು ಕಂಡು ಗಂಡ ನಕ್ಕ. “ನೀನೂ ಬಂದೆಯಾ? ನೋಡು, ಎಂಥ ಹೂ!”

ಅವಳು ಹೂವನ್ನು ನೋಡಲಿಲ್ಲ. ನೀರು ಅವನ ಗದ್ದಕ್ಕೆ ಬಂದಿತ್ತು.

“ಕಾಲು ಆಡಿಸಿ,” ಎಂದಳು.

ಕಾಲು ಆಡಲಿಲ್ಲ. ಅವನು ಒದ್ದ, ಒದ್ದಷ್ಟೂ ಬಿಗಿಯಿತು. ನೀರು ತುಟಿಗೆ ಬಂತು. ಆಗ ಅವನಿಗೆ ಭಯವಾಯಿತು.

“ಒದೆಯಬೇಡಿ. ಎರಡೂ ಕೈಯಲ್ಲಿ ಬುರುಡೆ ಹಿಡಿದುಕೊಳ್ಳಿ. ನಾನು ಮುಳುಗಿ ದಂಟು ಕೊಯ್ಯುತ್ತೇನೆ.”

ಅವನು ಒಂದು ಕೈಯಲ್ಲಿ ಹಿಡಿದ. ಇನ್ನೊಂದು ಕೈಯಲ್ಲಿ ಹೂವಿತ್ತು. ಬುರುಡೆ ಜಾರಿತು. ಅವನು ಮುಳುಗಿದ. ಒಳಗೆ ಹಸಿರು ಬೆಳಕಿತ್ತು, ಸದ್ದಿರಲಿಲ್ಲ. ಇಲ್ಲಿಯೇ ಮಲಗಿದರೆ ಏನು ಎನಿಸಿತು. ಅಷ್ಟರಲ್ಲಿ ಹೆಂಡತಿ ಅವನ ಕೂದಲು ಹಿಡಿದು ಮೇಲಕ್ಕೆಳೆದಳು. ಬೈಯಲಿಲ್ಲ, ಬೇಡಲಿಲ್ಲ, ಅವನ ಮುಖವನ್ನು ನೋಡಿದಳು, ಅಷ್ಟೆ. ಅವನ ಬೆರಳುಗಳು ಬಿಚ್ಚಿದವು. ಹೂ ಎಲೆಗಳ ನಡುವೆ ಎಲ್ಲೋ ಹೋಯಿತು.

ಅವಳು ಮೂರು ಸಲ ಮುಳುಗಿ ದಂಟುಗಳನ್ನು ಕೊಯ್ದಳು. ನಾಲ್ಕನೆಯ ಸಲ ಅವನ ಕಾಲು ಮೇಲೆ ಬಂತು.

ದಡದಲ್ಲಿ ಇಬ್ಬರೂ ಬಹಳ ಹೊತ್ತು ಉಸಿರಿಗಾಗಿ ತೇಕಿದರು. ಮೊಣಕಾಲಿನವರೆಗೂ ಅವನ ಚರ್ಮ ಗೀರಿ ಹೋಗಿತ್ತು. ಹೆಂಡತಿ ಸೆರಗಿನಿಂದ ರಕ್ತ ಒರೆಸುತ್ತಿದ್ದಳು.

“ಕಾಲು ಸಿಲುಕಿದ್ದು ನನಗೇ ತಿಳಿದಿರಲಿಲ್ಲ. ಮಂಜಿನಲ್ಲಿ ನಿನಗೆ ಹೇಗೆ ತಿಳಿಯಿತು?” ಎಂದು ಅವನು ಕೇಳಿದ.

“ನೀವೇ ಕೂಗಿದಿರಲ್ಲ, ಸಿಕ್ಕಿದೆ ಎಂದು.”

“ನಾನು ಕೂಗಿದ್ದು ಹೂ ಸಿಕ್ಕಿದೆ ಎಂದು.”

ಅವಳ ಕೈ ನಿಂತಿತು. ಅಲ್ಲಿಯವರೆಗೆ ಅಳದಿದ್ದವಳು ಅವನ ಕಾಲುಗಳ ಮೇಲೆ ಹಣೆಯಿಟ್ಟು ಅತ್ತಳು. ಅವನು ಅವಳ ಒದ್ದೆ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಕುಳಿತ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ನಿಟ್ಟುಸಿರು ಬಿಟ್ಟ.

“ಸದ್ಯ, ಅವಳು ತಪ್ಪಾಗಿ ಕೇಳಿಸಿಕೊಂಡದ್ದು ಒಳ್ಳೆಯದಾಯಿತು,” ಎಂದ.

ಗುರುಗಳು ಎಂದರು: “ತಪ್ಪಾಗಿ ಕೇಳಿಸಿಕೊಂಡವನು ಕೂಗಿದವನು, ಮಗು.”