ಪಕ್ಕೆಲುಬಿನ ನಂಟು

ದಾರಿ ತಪ್ಪಿ ಅಳಿವೆಯ ಕೆಸರಿಗೆ ಬಂದಿದ್ದ ಬೂತಾಯಿ ಮೀನು, ಅಲ್ಲಿ ಹೂತುಬಿದ್ದಿದ್ದ ಮುದಿ ದೋಣಿಯನ್ನು ಕೇಳಿತು: "ಅಜ್ಜೀ, ನೀರು ಇಳಿಯುತ್ತಿದೆ. ಕಡಲಿಗೆ ಯಾವ ದಾರಿ?"

"ಹಲಗೆ ಕಳಚಿಹೋದ ಕಡೆ ನನ್ನ ಪಕ್ಕೆಲುಬಿನ ಸಂದಿಯಲ್ಲಿ ನುಸುಳು. ಆಚೆಗೇ ಕಡಲು."

"ಮರಕ್ಕೆಂಥ ಪಕ್ಕೆಲುಬು? ಅದು ನಮ್ಮ ಮಾತು."

"ನಿಮ್ಮದೇ, ಮಗಳೇ. ನನ್ನನ್ನು ಕಟ್ಟಿದ ಬಡಗಿ ಉಂಡೆದ್ದು, ಊಟದೆಲೆಯಂಚಿನಲ್ಲಿದ್ದ ನಿನ್ನ ಮುತ್ತಜ್ಜಿಯ ಮುಳ್ಳು ನೋಡಿ, ಅದರಂತೆಯೇ ಮರ ಬಗ್ಗಿಸಿ ನನ್ನ ಹಲಗೆಗಳಿಗೆ ಆಧಾರ ಕೊಟ್ಟ. ಆಕಾರದ ಜೊತೆ ಹೆಸರೂ ಬಂತು."

"ತಿಂದು ಕಲಿತನೋ."

"ಅವರು ಕಲಿಯುವುದೇ ಹಾಗೆ. ದಾರಿಯ ಋಣಕ್ಕೆ ಒಂದು ಮಾಡು: ಕಡಲು ಈಗ ಹೇಗಿದೆ, ಬಂದು ಹೇಳು."

ಮಳೆಗಾಲ ಕಳೆದು ಮೀನು ಬಂದಾಗ, ಉಳಿದ ಹಲಗೆಗಳು ಯಾರದೋ ಒಲೆ ಸೇರಿದ್ದವು. ಉಂಡ ಎಲೆಯಲ್ಲಿನ ಮುಳ್ಳಿನಂತೆ ಪಕ್ಕೆಲುಬುಗಳಷ್ಟೇ ನಿಂತಿದ್ದವು. ಮೀನು ಅವುಗಳ ನಡುವೆ ನಿಂತು, ಕಡಲಿನ ಸುದ್ದಿಯನ್ನೆಲ್ಲ ಒಂದೂ ಬಿಡದೆ ಹೇಳಿತು.