ರೋಡಿಗೆ ಇಳಿಯದ ಗಾಡಿ

ಹೂಂಗುಟ್ಟುವವರು ಹತ್ತಿರ ಬನ್ನಿ, ನಿದ್ದೆ ಬಂದವರು ಆಚೆ ಸರಿಯಿರಿ. ಕೊಪ್ಪಳದ ಕಡೆ ಒಂದೂರಲ್ಲಿ ಫಕೀರವ್ವ ಅಂತ ರೊಟ್ಟಿ ಮಾಡಿ ಮಾರುವ ಹೆಂಗಸಿದ್ದಳು. ಅವಳಿಗೆ ಒಬ್ಬನೇ ಮಗ, ಗುದ್ನೆಪ್ಪ. ಮೈ ನೋಡಿದರೆ ಪೈಲ್ವಾನ, ತಲೆಯ ವಿಚಾರ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಊರು ಅವನನ್ನು ಪೆದ್ದ ಅನ್ನುತ್ತಿತ್ತು. ನನ್ನ ಕೇಳಿದರೆ ಅಂಥವನು ಮನೆಗೊಬ್ಬ ಇರಬೇಕು.

ಫಕೀರವ್ವನ ರೊಟ್ಟಿಯನ್ನು ಪೇಟೆಗೆ ಒಯ್ಯುತ್ತಿದ್ದ ಬಾಡಿಗೆ ಟೆಂಪೋದವನು ಒಂದು ದಿನ ಕೈಯೆತ್ತಿಬಿಟ್ಟ. ರೊಟ್ಟಿ ಕೊಳ್ಳುತ್ತಿದ್ದ ಖಾನಾವಳಿಯವರೋ, "ದಸರಾದೊಳಗ ಗಾಡಿ ಮಾಡ್ಕೋ ಯವ್ವಾ, ಇಲ್ಲಂದ್ರ ನಾವು ಮಷಿನ್ ರೊಟ್ಟಿ ತರಸ್ತೀವಿ" ಅಂದರು. ಫಕೀರವ್ವ ರೊಟ್ಟಿ ಬಡಿದು ಕೂಡಿಟ್ಟಿದ್ದು ಒಂದು ಸಣ್ಣ ಗೂಡ್ಸ್ ಗಾಡಿಗೆ ಸರಿಯಾಗುತ್ತಿತ್ತು, ಅದೂ ಶೋರೂಮ್ ರೇಟಿಗೆ.

"ಹೋಗಪಾ, ಗಾಡಿ ಕೇಳ್ಕೊಂಡು ಬಾ. ಅವ್ರು ಹೆಂಗ ಹೇಳ್ತಾರ ಹಂಗ ಮಾಡು!" ಅಂತ ಮಗನನ್ನು ಕಳಿಸಿದಳು.

ಶೋರೂಮಿನ ಸೇಲ್ಸಿನ ಹುಡುಗ ಅಂದ, "ಗಾಡಿ ಬಂದಿಲ್ಲಪಾ. ಕಾಯಬೇಕು."

"ಕಾಯಬೇಕೇನ್ರಿ?"

"ಹೂಂ ಮತ್ತ! ಎಲ್ಲಾರೂ ಕಾಯ್ತಾರ."

ಮರುದಿನ ಗುದ್ನೆಪ್ಪ ಹೆಗಲಿಗೆ ಕಂಬಳಿ, ಒಂದು ಕೈಲಿ ಬಡಿಗೆ, ಇನ್ನೊಂದು ಕೈಲಿ ಕವಣೆ ಹಿಡಿದು ಬಂದ. ಒಳಗೆ ನೋಡಲಿಕ್ಕೆಂದು ನಿಲ್ಲಿಸಿದ್ದ ಒಂದೇ ಗಾಡಿಯ ಮುಂದೆ ನಿಂತ. ಯಾರೋ ದೊಡ್ಡ ಮನುಷ್ಯರು ಬಂದು ಬಾಗಿಲು ಮುಟ್ಟಿದರು. "ಹೊಯ್! ಹೊಯ್! ಆಕಡಿ ಸರೀರಿ! ನನಗ ಕಾಯಾಕ ಹೇಳ್ಯಾರ್ರೀ!" ಗಿರಾಕಿಗಳೆಲ್ಲ ಹೊಲದ ಹಕ್ಕಿಗಳ ಹಾಗೆ ಎದ್ದು ಓಡಿದರು. ವಾಚ್‌ಮನ್ ಬಂದು ಗುದ್ನೆಪ್ಪನನ್ನು ಹೊರಗೆ ದಬ್ಬಿದ.

"ಲೇ ಮಂಗ್ಯಾ!" ಫಕೀರವ್ವ ಬೈದಳು. "ಕಾಯೂದಂದ್ರ ಹೊಲಾ ಕಾಯೂದಲ್ಲೋ! ಸುಮ್ಮನ ಕುಂತು ದಾರಿ ನೋಡೂದು!"

"ಹಂಗಂತ ಮೊದ್ಲ ಹೇಳಬಾರದೇನಬೇ?"

ಮರುದಿನ ಹೋಗಿ ಶೋರೂಮಿನ ಮೆಟ್ಟಿಲ ಮೇಲೆ ಕೂತ. ಬೆನ್ನು ಶೋರೂಮಿಗೆ, ಮುಖ ರಸ್ತೆಗೆ. ದಾರಿ ನೋಡಿದ, ನೋಡಿದ, ನೋಡೇ ನೋಡಿದ. ಮಧ್ಯಾಹ್ನ ಹಿಂದಿನ ಗೇಟಿನಿಂದ ಒಂದು ಗಾಡಿ ಬಂತು. ಸೇಲ್ಸಿನ ಹುಡುಗ ಕೂಗಿದ, "ಗುದ್ನೆಪ್ಪಾ, ಗಾಡಿ ಬಂದೈತಿ, ಒಳಗ ಬಾ!"

"ಗದ್ದಲ ಮಾಡಬ್ಯಾಡ್ರಿ! ದಾರಿ ನೋಡಾಕತ್ತೀನಿ!"

ಅಷ್ಟರಲ್ಲಿ ಇನ್ನೊಬ್ಬ ರೇಟಿನ ಮೇಲೆ ದುಡ್ಡು ಸುರಿದು ಗಾಡಿ ಹೊಡೆದುಕೊಂಡು ಹೋದ. ಅದು ಕಣ್ಣೆದುರೇ ಹಾದುಹೋಗುವಾಗ ಗುದ್ನೆಪ್ಪ ಮನಸಾರೆ ಹೊಗಳಿದ, "ಗಾಡಿ ಭಾಳ ಚಂದ ಐತ್ರೀ!"

ಫಕೀರವ್ವ ಹಣೆ ಹಣೆ ಚಚ್ಚಿಕೊಂಡಳು. "ಬಾಯಿ ಬಿಟ್ಟು ಕೇಳಬೇಕೋ! ಗಾಡಿ ಯಾಕ ಬರವಲ್ವು, ಅವ್ರಿಗೆ ಏನು ಕಡಿಮಿ ಬಿದ್ದೈತಿ, ಕೇಳು!"

ಕೇಳಿದ. "ಕಂಪನಿಯಾಗ ಚಿಪ್ ಇಲ್ಲಪಾ. ಚಿಪ್ ಬಂದ್ರ ಗಾಡಿ ಬರತಾವು" ಅಂದ ಸೇಲ್ಸಿನ ಹುಡುಗ.

"ಇಷ್ಟಕ್ಕ ಮಂದೀನ ಗೋಳು ಹೊಯ್ಕೊಂಡ್ರೇನ್ರಿ!" ಗುದ್ನೆಪ್ಪ ಖಾನಾವಳಿ ಖಾನಾವಳಿ ತಿರುಗಿ, ಒಂದು ಚೀಲ ತೆಂಗಿನ ಚಿಪ್ಪು ಆರಿಸಿ ತಂದು, ಫಳಫಳ ಹೊಳೆಯುವ ನೆಲದ ಮೇಲೆ ಸುರುವಿದ. "ತಗೋರಿ ಚಿಪ್ಪು! ಸೀಳಿದ್ದು ಒಂದೂ ಇಲ್ಲ!" ಏನು ಸದ್ದೆಂದು ಓಡಿಬಂದ ಮ್ಯಾನೇಜರ್ ಚಿಪ್ಪಿನ ಮೇಲೆ ಕಾಲಿಟ್ಟು ಅಂಗಾತ ಬಿದ್ದ.

ದಸರಾ ಹತ್ತಿರ ಬಂದಿತ್ತು. ಫಕೀರವ್ವನಿಗೆ ಅಳುವೇ ಬಂತು. "ಅವ್ರಿಗೆ ಬೇಕಾದ್ದು ಚಿಪ್ಪಲ್ಲೋ! ಗಾಡೀನ ಶೋರೂಮ್ ಹಿಂದ ಮುಚ್ಚಿಟ್ಟಿರತಾರಂತ. ಮ್ಯಾನೇಜರನ ಕೈ ಬಿಸಿ ಮಾಡಿದ್ರ ಹೊರಗ ಬರತಾವಂತ. ಎಲ್ಲಾರೂ ಮಾಡ್ಯಾರ, ನೀನೂ ಮಾಡು!" ಅಂತ ಗಾಡಿಯ ದುಡ್ಡನ್ನೆಲ್ಲ ಅವನ ಸೊಂಟಕ್ಕೆ ಕಟ್ಟಿ, ಸಾಲ ತಂದ ಒಂದಿಷ್ಟು ನೋಟು ಬೇರೆ ಕಿಸೆಗೆ ತುರುಕಿದಳು. ಬುತ್ತಿಗೆ ರೊಟ್ಟಿಯನ್ನೂ ಕೊಟ್ಟಳು.

ಕಿಸೆಯ ನೋಟು ಕಿಸೆಯಲ್ಲೇ ಉಳಿಯಿತು. ಶೋರೂಮಿನ ಎದುರಿನ ಚಹಾದಂಗಡಿಯ ಒಲೆಯ ಮೇಲೆ ಗುದ್ನೆಪ್ಪ ಒಂದು ರೊಟ್ಟಿಯನ್ನು ಹೊಗೆಯಾಡುವಂತೆ ಕಾಯಿಸಿದ. ಓಡಿಹೋಗಿ ಮ್ಯಾನೇಜರನ ಅಂಗೈ ಮೇಲೆ ರಪ್ಪನೆ ಇಟ್ಟ.

"ಅಯ್ಯಯ್ಯಯ್ಯೋ!"

"ಸಾಕೇನ್ರಿ ಸಾಹೇಬ್ರ? ಇನ್ನೊಂದು ಕೈನೂ ಬಿಸಿ ಮಾಡ್ಲೇನ್ರಿ? ಕೈ ಬಿಸಿ ಮಾಡಿದ್ರ ಮುಚ್ಚಿಟ್ಟ ಗಾಡಿ ಹೊರಗ ತಗೀತೀರಂತಲ್ರೀ! ಎಲ್ಲಾರೂ ಮಾಡ್ಯಾರಂತಲ್ರೀ!"

ಶೋರೂಮಿನ ತುಂಬ ಗಾಡಿಗೆ ಕಾದು ಕಾದು ಬೇಸತ್ತ ಜನ. ಹಿಂದಿನಿಂದ ಒಬ್ಬ ಮುದುಕ ಎದ್ದ. "ಮುಚ್ಚಿಟ್ಟ ಗಾಡಿ ಎಲ್ಲದಾವ್ರೀ? ನಮಗೂ ತೋರಸ್ರಿ!" ಅವನ ಹಿಂದೆ ಎಲ್ಲರೂ ಎದ್ದರು. ಮ್ಯಾನೇಜರ್ ಸುಟ್ಟ ಕೈಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಾ ಕೂಗಿದ, "ಮೊದ್ಲ ಇವಗ ಗಾಡಿ ಕೊಟ್ಟು ಕಳಸ್ರೋ!"

ನೋಡಿ, ಬುದ್ಧಿವಂತರೆಲ್ಲ ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದ ಮಾತನ್ನು ನಮ್ಮ ಗುದ್ನೆಪ್ಪ ನಡುಮನೆಯಲ್ಲಿ ನಿಂತು ಕೂಗಿದ. ಅವನಿಗೊಂದು ನಮಸ್ಕಾರ ಹಾಕಿಯೇ ಕತೆ ಮುಂದುವರಿಸುತ್ತೇನೆ.

ಗಾಡಿ ಹೊರಗೆ ಬಂತು. ಸೇಲ್ಸಿನ ಹುಡುಗ ಲೆಕ್ಕ ಹೇಳಿದ, "ಇದು ಶೋರೂಮ್ ರೇಟು. ಆನ್ ರೋಡ್ ರೇಟು ಬ್ಯಾರೆ." ಸೀಟ್ ಕವರ್ ಅಂದ, ಮ್ಯಾಟ್ ಅಂದ, ಹೆಸರೇ ಗೊತ್ತಿಲ್ಲದ್ದು ಏನೇನೋ ಅಂದ. ಸೊಂಟದ ದುಡ್ಡು ಅದಕ್ಕೆ ಸಾಲುವಂತಿರಲಿಲ್ಲ.

"ಆನ್ ರೋಡ್ ಅಂದ್ರೇನ್ರಿ?"

"ರೋಡಿಗೆ ಇಳಿಸಿದ್ರ ಇಷ್ಟು ಆಗತೈತಿ."

"ಇಳಸ್ಲಿಲ್ಲಂದ್ರ?"

ಹುಡುಗ ನಕ್ಕ. "ಇಳಸ್ಲಿಲ್ಲಂದ್ರ ಶೋರೂಮ್ ರೇಟೇ! ತಗೊಂಡು ಹೋಗು!"

"ಮಾತು ಅಂದ್ರ ಮಾತೇನ್ರಿ?"

"ಮಾತೋ ಮಾರಾಯಾ! ಒಟ್ಟು ಇಲ್ಲಿಂದ ಹೋಗು!" ಅಂದ ಮ್ಯಾನೇಜರ್, ಕೈಗೆ ಉಫ್ ಅಂತ ಊದಿಕೊಳ್ಳುತ್ತಾ.

ಗುದ್ನೆಪ್ಪ ಸೊಂಟದ ಗಂಟು ಬಿಚ್ಚಿ ಶೋರೂಮ್ ರೇಟು ಕೊಟ್ಟ. ಸಂತೆ ಮೈದಾನಕ್ಕೆ ಓಡಿ, ತಾಯಿಗೆ ಜೋಳದ ಚೀಲ ಹೊತ್ತುಕೊಡುವ ಹಮಾಲರನ್ನೆಲ್ಲ ಕರೆತಂದ. ಗಾಡಿಯ ಕೆಳಗೆ ಬೊಂಬು ತೂರಿಸಿದರು. "ಎತ್ತು! ಹೈಸಾ!" ಗಾಡಿ ಹೆಗಲೇರಿತು. ಗುದ್ನೆಪ್ಪ ಮೇಲೆ ಹತ್ತಿ ಸ್ಟೇರಿಂಗ್ ಹಿಡಿದು ಕೂತ. ಒಂದು ಗಾಲಿಯೂ ರೋಡು ಮುಟ್ಟದೆ ಗಾಡಿ ಊರು ಸೇರಿತು.

"ಲೇ ಮಂಗ್ಯಾ, ಇದೇನೋ!"

"ಶೋರೂಮ್ ರೇಟಬೇ! ಮ್ಯಾಲ ಒಂದು ರೂಪಾಯಿ ಕೊಟ್ಟಿಲ್ಲ!" ಕಿಸೆಯ ನೋಟನ್ನೂ ತೆಗೆದು ಅವಳ ಕೈಗಿಟ್ಟ.

ಫಕೀರವ್ವ ಬೈಯಲಿಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಇಡೀ ತಾಲೂಕಿಗೆ ಆಗದ್ದನ್ನು ಇವನು ಮಾಡಿ ಬಂದನಲ್ಲ, ಇವನು ನನ್ನ ಮಗನಲ್ಲವೇ ಅಂತ ಎದೆ ತುಂಬಿ ಬಂತು. ಕಣ್ಣೊರೆಸಿಕೊಂಡು ಅಂದಳು, "ಆತೇಳಪಾ ನನ್ನ ದೊರಿ, ಇನ್ನ ಗಾಡಿ ಇಳಸು. ರೊಟ್ಟಿ ಹೇರೂಣು."

"ಇಳಸಬ್ಯಾಡಬೇ! ಇಳಸಿದ್ರ ರೇಟು ಏರತೈತಿ! ಹಂಗ ಹೇರು!"

ಫಕೀರವ್ವ ನಿಚ್ಚಣಿಕೆ ಹಾಕಿ, ಮೇಲೇರಿ, ರೊಟ್ಟಿಯ ಬುಟ್ಟಿಗಳನ್ನು ಹೇರಿದಳು. ಗಾಡಿ ಹೆಗಲ ಮೇಲೇ ತಿರುಗಿ ಮತ್ತೆ ಪೇಟೆಗೆ ಬಂತು. ಪೇಟೆಗೆ ಪೇಟೆಯೇ ನೋಡಲು ನೆರೆಯಿತು. ಖಾನಾವಳಿಯ ಮಾಲಕ ಮಷಿನ್ ರೊಟ್ಟಿ ಮರೆತು ಬುಟ್ಟಿಗಳನ್ನು ಇಳಿಸಿಕೊಂಡ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ, "ಗಾಡಿ ಏನೋ ಛಲೋ ಐತಿ. ಮೈಲೇಜ್ ಎಷ್ಟು ಕೊಡತೈತೋ ತಮ್ಮಾ?"

ಗುದ್ನೆಪ್ಪ ಪೋಂ ಪೋಂ ಅಂತ ಹಾರ್ನ್ ಹೊಡೆದು, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಆಳಿಗೆ ಎರಡು ರೊಟ್ಟಿ ಹಾಕಿದ್ರ ಒಂದು ಹರದಾರಿ ಕೊಡತೈತ್ರೀ! ಜೋಡಿ ಎಣ್ಣೆಗಾಯಿ ಹಾಕಿದ್ರ ಪಿಕಪ್ ಭಾಳ ಛಲೋ ಐತಿ!"